ಚುಕ್ಕಿಯ ಕೆಳಗಿನ ಊರು

ಡಬ್ಲಿನ್

ಐರ್ಲೆಂಡಿನಿಂದ ಬಂದ ಮೇಲೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಏನೇನು ನೋಡಿದ್ರಿ ಟೀಚರ್?" ಆಸ್ಟ್ರೇಲಿಯಾದ ಕೆಂಪು ಮರಳುಗಾಡು ನೋಡಿದೆ, ಆಮೇಲೆ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ನಮ್ಮ ಬನ್ನಿಹೊಳಿ ನೋಡಿದೆ ಅನ್ನುತ್ತೇನೆ. ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ವಿಮಾನ ಇಳಿದವಳಿಗೆ ಇನ್ನೂ ತಲೆ ಸುತ್ತು ಹೋಗಿಲ್ಲ ಅಂದುಕೊಳ್ಳುತ್ತಾರೋ ಏನೋ. ಆದರೆ ನಾನು ಅವೆರಡನ್ನೂ ನೋಡಿದ್ದು ನಿಜ, ನೋಡಿದ್ದು ಐರ್ಲೆಂಡಿನಲ್ಲೇ ಅನ್ನುವುದೂ ನಿಜ.

ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ನನ್ನ ತಂಗಿ ಸವಿತಾ ಐರ್ಲೆಂಡಿನ ಸ್ಲೈಗೋ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು. ಬೇಸಿಗೆ ರಜೆಗೆ ಬಾ ಅಂತ ವರ್ಷಗಟ್ಟಲೆ ಗಂಟುಬಿದ್ದಿದ್ದಳು. ನನ್ನ ಜೊತೆಗಿರುವ ಅವ್ವನನ್ನೂ ಕರೆದಳು. "ಅಷ್ಟು ತಾಸು ಕುಂತಲ್ಲೇ ಕುಂದ್ರಾಕ ನಾ ಏನು ಗೊಂಬೀನ?" ಅಂದ ಅವ್ವ, ತನ್ನ ಬದಲಿಗೆ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯನ್ನು ಕಳಿಸಿದಳು.

ಡಬ್ಲಿನ್ ವಿಮಾನ ನಿಲ್ದಾಣಕ್ಕೆ ಬಂದಿದ್ದವನು ಸವಿತಾಳ ಗಂಡ ಪ್ರಕಾಶ. ಬೆಂಗಳೂರಿನ ಹುಡುಗ. ಡಬ್ಲಿನ್ನಿನದೇ ಒಂದು ಬಡಾವಣೆ ಲೆಪರ್ಡ್ಸ್‌ಟೌನಿನ ಕಂಪನಿಯಲ್ಲಿ ಕೆಲಸ, ವಾರದ ಕೊನೆಗೆ ಸ್ಲೈಗೋದ ಮನೆ. ಹೊರಗೆ ಕಾಲಿಟ್ಟೆವು, ಸಣ್ಣಗೆ ಹನಿಯುತ್ತಿತ್ತು. ನಾನು ಧಾರವಾಡದ ಗಟ್ಟಿ ಛತ್ರಿಯನ್ನು ಠೀವಿಯಿಂದ ಬಿಚ್ಚಿದೆ. ಗಾಳಿ ಅದನ್ನು ಒಂದೇ ಏಟಿಗೆ ಒಳಹೊರಗು ಮಾಡಿತು. ನಾನು ಅದರ ಜೊತೆ ಕುಸ್ತಿ ಹಿಡಿದಿರುವಾಗ ಪಕ್ಕದಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ನಿಂತು, ಇದು ಮಳೆಯೇ ಅಲ್ಲ, ತಲೆಕೆಡಿಸಿಕೊಳ್ಳಬೇಡಿ ಅಂತ ಸಮಾಧಾನ ಹೇಳಿ ತಾವು ತೊಯ್ಯುತ್ತಲೇ ಹೋದರು.

"ಅಕ್ಕ, ಇಲ್ಲಿ ಛತ್ರಿ ಯಾರೂ ಹಿಡಿಯಲ್ಲ. ಒದ್ದೆ ಆಗ್ತೀವಿ, ಒಣಗ್ತೀವಿ. ಅಷ್ಟೇ," ಅಂದ ಪ್ರಕಾಶ. ಛತ್ರಿ ಅಲ್ಲೇ ಕಸದ ಡಬ್ಬಿ ಸೇರಿತು. ನನಗೆ ಹೊಟ್ಟೆ ಉರಿಯಿತು, ಆದರೂ ಬರಿ ಮುಖಕ್ಕೆ ಆ ಹನಿ ಹಿತವಾಗಿತ್ತು.

ಸ್ಲೈಗೋ ದಾರಿ

ದೊಡ್ಡ ರಸ್ತೆ ಮುಗಿದು ಸಣ್ಣ ರಸ್ತೆ ಶುರುವಾದ ಮೇಲೆ ಪ್ರಕಾಶ ಎದುರಿಗೆ ಬಂದ ಪ್ರತಿ ಗಾಡಿಗೂ ಸ್ಟೇರಿಂಗ್ ಮೇಲಿನಿಂದ ಒಂದು ಬೆರಳು ಎತ್ತುತ್ತಿದ್ದ. ಅವರೂ ಎತ್ತುತ್ತಿದ್ದರು. ಟ್ರ್ಯಾಕ್ಟರ್ ಓಡಿಸುವವನೂ ಎತ್ತಿದ.

"ಈ ಊರಾಗ ನಿಮಗ ಇಷ್ಟು ಮಂದಿ ಪರಿಚಯ ಏನ್ರಿ?" ಅಂದೆ.

"ಒಬ್ಬರೂ ಇಲ್ಲ ಅಕ್ಕ. ಇಲ್ಲಿ ಹಂಗೇ. ಎತ್ತದೇ ಇದ್ರೆ ಪಾಪ, ಇವನಿಗೆ ಹುಷಾರಿಲ್ವೇನೋ ಅಂದ್ಕೋತಾರೆ."

ನಮ್ಮಲ್ಲಿ ಎದುರು ಗಾಡಿಯವನಿಗೆ ಬೆರಳು ಎತ್ತಿದರೆ ಅವನು ಗಾಡಿ ನಿಲ್ಲಿಸಿ ಇಳಿದೇ ಬರುತ್ತಾನೆ. ನಾನು ಧೈರ್ಯ ಮಾಡಿ ಒಂದು ಕುರಿ ಸಾಗಿಸುವ ಗಾಡಿಗೆ ಬೆರಳು ಎತ್ತಿದೆ. ಆಚೆ ಕೂತಿದ್ದವನು ಎತ್ತಿದ, ಅವನ ಪಕ್ಕದ ಹೆಂಗಸೂ ಎತ್ತಿದಳು. ಆಮೇಲೆ ಸ್ಲೈಗೋ ಬರುವವರೆಗೂ ನಾನೇ ಎತ್ತುತ್ತ ಹೋದೆ.

ಊರು ಹತ್ತಿರವಾದಾಗ ಬೆನ್ ಬುಲ್ಬೆನ್ ಕಾಣಿಸಿತು. ತಲೆ ಚಪ್ಪಟೆಯಾದ ಉದ್ದ ಬೆಟ್ಟ, ಮೈ ತುಂಬ ಗೆರೆ. ಬಾದಾಮಿಯ ಬೆಟ್ಟಕ್ಕೆ ಹಸಿರು ಸೀರೆ ಉಡಿಸಿದ ಹಾಗೆ. ನನಗೆ ಒಂದು ಕ್ಷಣ ಬಾಗಲಕೋಟೆ ದಾರಿಯಲ್ಲೇ ಇದ್ದೇನೆ ಅನ್ನಿಸಿತು.

ಮನೆ ಬಾಗಿಲಲ್ಲಿ ಸವಿತಾ, ಅವಳ ಏಳು ವರ್ಷದ ಮಗಳು ಇರಾ. "ದೊಡ್ಡಮ್ಮಗ ಪ್ರವಾಸ ಹೆಂಗಾತು ಅಂತ ಕೇಳು," ಅಂದಳು ಸವಿತಾ. ಇರಾ ಕೇಳಿದ್ದು ಇಂಗ್ಲಿಷಿನಲ್ಲಿ, ಅದೂ ಸ್ಲೈಗೋದ ಕುರುಬರು ಮಾತಾಡುವ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲೇ ಅರ್ಧ ತಾಸು ಉತ್ತರಿಸಿದೆ. ಆಕೆಗೆ ಎಲ್ಲಾ ಅರ್ಥವಾಯಿತು. "ಗ್ರ್ಯಾಂಡ್," ಅಂತ, ಅಂದರೆ ಅಲ್ಲಿನ ಮಾತಿನಲ್ಲಿ ಚೆನ್ನಾಗಿದೆ ಅಂತ, ಹೇಳಿ ರೊಟ್ಟಿ ಮುರಿದು ತಿನ್ನತೊಡಗಿದಳು.

ಸವಿತಾಳ ಅಡುಗೆಮನೆ

ಆ ವಾರ ಸವಿತಾ ಚಪಾತಿ ಲಟ್ಟಿಸುತ್ತ ಒಂದು ಮಾತು ಹೇಳಿದಳು.

"ಅಕ್ಕಾ, ಇಲ್ಲಿ ಪೇಶಂಟ್ ಮುದುಕರು ಭಾಳ ಚೊಲೋ ಮಂದಿ. ಆದ್ರ ಒಂದು ಪ್ರಶ್ನಿ ಬಿಡಂಗಿಲ್ಲ. ಎಲ್ಲಿಯವಳು ಅಂತಾರ. ಇಂಡಿಯಾ ಅಂದ್ರ ಇಂಡಿಯಾದಾಗ ಎಲ್ಲಿ ಅಂತಾರ. ಹುಟ್ಟಿದ್ದು ಒಂದು ಹಳ್ಳಿಯಾಗ ಅಂದ್ರ, ಆ ಹಳ್ಳಿಗೆ ಹೊಳಿ ಯಾವ ಕಡೆ, ನಿಮ್ಮ ಮನಿ ಯಾವ ಕಡೆ ಅಂತಾರ. ಅವರಿಗೆ ಅವರ ಹೊಲದ ಒಂದೊಂದು ಬದುವಿನ ಹೆಸರೂ ಗೊತ್ತು. ನಾ ಏನು ಹೇಳಲಿ?"

ಊರು ಬಿಡುವಾಗ ಸವಿತಾಗೆ ನಾಲ್ಕು ವರ್ಷ. ನನಗೆ ಹನ್ನೆರಡು. ಆಣೆಕಟ್ಟಿನ ನೀರು ಬರುತ್ತದೆ ಅಂತ ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಹೊರಟ ದಿನ ಅವಳು ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದಳು. ಅವಳಿಗೆ ಏನೂ ನೆನಪಿಲ್ಲ. ನನಗೆ ಇರುವುದು ತುಂಡು ತುಂಡು: ಒಂದು ಬಾವಿ, ಒಂದು ಬನ್ನಿಗಿಡ, ಹೊಳೆಗೆ ಇಳಿಯುವ ಕಲ್ಲು. ಯಾವುದರ ಪಕ್ಕ ಯಾವುದು ಅನ್ನುವುದು ಸರಿಯಾಗಿ ಗೊತ್ತಿದ್ದವಳು ಅವ್ವ ಒಬ್ಬಳೇ. ಆದರೆ ಅವ್ವ ಆ ಊರಿನ ಹೆಸರು ಎತ್ತುವುದಿಲ್ಲ. ಯಾರಾದರೂ ಎತ್ತಿದರೆ, "ಒಲಿ ಮ್ಯಾಲ ಹಾಲು ಇಟ್ಟೀನಿ, ಉಕ್ಕತಾವ," ಅಂತ ಎದ್ದು ಹೋಗುತ್ತಾಳೆ. ಒಲೆ ಮೇಲೆ ಏನೂ ಇರುವುದಿಲ್ಲ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಹಿಂದೆ ಹೋಗಿ ನೋಡುವುದಿಲ್ಲ.

"ಫೋನಿನಾಗ ನಾ ಎಷ್ಟು ಸಲ ಕೇಳೀನಿ," ಅಂದಳು ಸವಿತಾ. "ಪ್ರತಿ ಸಲ ಹಾಲು. ಇರಾಗ ನಾ ಏನಂತ ಹೇಳಲಿ ಅಕ್ಕಾ, ನಿಮ್ಮಮ್ಮ ಎಲ್ಲಿಂದ ಬಂದಾಳ ಅಂತ?"

ನಾನು ಚಪಾತಿ ಬೇಯಿಸುವುದರಲ್ಲಿ ಬಹಳ ಕೆಲಸವಿದ್ದವಳ ಹಾಗೆ ನಟಿಸಿದೆ. ನಾನೂ ಅವ್ವನ ಮಗಳೇ.

ಗ್ಯಾಲರಿ

ಸವಿತಾಗೆ ರಜೆ ಇದ್ದ ದಿನ ಊರಿನ ಗ್ಯಾಲರಿಗೆ ಹೋದೆವು. ಆಸ್ಟ್ರೇಲಿಯಾದ ಮೂಲನಿವಾಸಿ ಕಲಾವಿದೆಯ ಚಿತ್ರಗಳು ಬಂದಿವೆ, ಕಲಾವಿದೆಯೂ ಬಂದಿದ್ದಾಳೆ ಅಂತ ಸುದ್ದಿ.

ಒಳಗೆ ಹೋದರೆ ಗೋಡೆಯೆಲ್ಲ ಕೆಂಪು, ಕಾವಿ, ಹಳದಿ. ಸಾವಿರಾರು ಚುಕ್ಕಿ. ಚುಕ್ಕಿಗಳ ನಡುವೆ ಸುತ್ತು, ಸುತ್ತಿನೊಳಗೆ ಸುತ್ತು, ಡೊಂಕು ಗೆರೆ. ಇವು ಲ್ಯಾಂಡ್‌ಸ್ಕೇಪ್ ಅಂತ ಬರೆದಿತ್ತು. ನಾನು ಮಕ್ಕಳಿಗೆ ಕಲಿಸುವ ಮೊದಲ ಪಾಠ, ಹಾಳೆಯ ನಡುವೆ ಅಡ್ಡ ಗೆರೆ ಎಳಿ, ಮೇಲೆ ಆಕಾಶ, ಕೆಳಗೆ ನೆಲ. ಇಲ್ಲಿ ಆಕಾಶವೇ ಇಲ್ಲ. ನನಗೆ ಕಸಿವಿಸಿ. ಗೋಡೆಯ ಮೇಲಿನ ಫೋಟೋ ಸೊಟ್ಟಗಿದ್ದರೆ ಯಾರ ಮನೆಯೇ ಆಗಲಿ ನೆಟ್ಟಗೆ ಮಾಡಿ ಬರುವವಳು ನಾನು.

"ಇದನ್ನು ತಲೆಕೆಳಗಾಗಿ ತೂಗುಹಾಕಿದ್ದಾರೆ ಅನ್ನಿಸುತ್ತೆ," ಅಂತ ಗ್ಯಾಲರಿ ನೋಡಿಕೊಳ್ಳುವ ನೋರಾ ಎಂಬಾಕೆಗೆ ಹೇಳಿದೆ. ಆಕೆ ನಕ್ಕಳು. ತೂಗುಹಾಕುವಾಗ ತನಗೂ ಅದೇ ಅನುಮಾನ ಬಂದು ಕಲಾವಿದೆಯನ್ನೇ ಕೇಳಿದಳಂತೆ. ಯಾವ ಕಡೆ ಬೇಕಾದರೂ ಹಾಕಿ, ನಾನು ಬರೆಯುವಾಗ ಸುತ್ತಲೂ ಕೂತು ಬರೆದಿದ್ದೇನೆ ಅಂದರಂತೆ.

ಕಲಾವಿದೆ ಮೂಲೆಯ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಬೆಳ್ಳಿ ಕೂದಲು, ಹೂವಿನ ಗೌನು, ಅದರ ಮೇಲೆ ಯಾರೋ ಸ್ಲೈಗೋದವರು ಕೊಟ್ಟ ದಪ್ಪ ಉಣ್ಣೆಯ ಸ್ವೆಟರ್. ಎಲ್ಲರೂ ಅವರನ್ನು ಆಂಟಿ ಮೇವಿಸ್ ಅನ್ನುತ್ತಿದ್ದರು. ಬೆಂಗಳೂರಿನ ಬಸ್ಸಿನಲ್ಲಿ ಯಾರಾದರೂ ನನ್ನನ್ನು ಆಂಟಿ ಅಂದರೆ ಸಿಟ್ಟು ನೆತ್ತಿಗೇರುತ್ತದೆ. ಅವರ ಜನರಲ್ಲಿ ಅದು ಹಿರಿಯರಿಗೆ ಕೊಡುವ ಗೌರವ ಅಂತ ನೋರಾ ಹೇಳಿದ ಮೇಲೆ ನಾನೂ ಆಂಟಿ ಅಂದೆ, ಅವರೂ ನನ್ನನ್ನು ಆಂಟಿ ಅಂದರು. ಲೆಕ್ಕ ಸರಿಹೋಯಿತು.

ಅವರ ಇಂಗ್ಲಿಷ್ ನಿಧಾನ, ನನ್ನದೂ ನಿಧಾನ. ಹೊಂದಿಕೊಂಡೆವು. ಕೈ ಹಿಡಿದು ಎಬ್ಬಿಸಿಕೊಂಡು ಒಂದು ಚಿತ್ರದ ಮುಂದೆ ನಿಲ್ಲಿಸಿದರು. ಈ ಸುತ್ತು ನೀರಿನ ಗುಂಡಿ, ನಮ್ಮಜ್ಜಿಯದು. ಇಲ್ಲಿ ಮಳೆ ಬಂದರೆ ಹಸಿರು ಚಿಗುರುತ್ತದೆ. ಇಲ್ಲಿ ಹೆಂಗಸರು ಬೇರು ಅಗೆಯಲು ಕೂರುತ್ತಾರೆ. ಹೀಗೆ ಒಂದೊಂದೇ ಸುತ್ತು ಮುಟ್ಟಿ ತೋರಿಸಿದರು. ದನ ಸಾಕುವ ಬಿಳಿಯರಿಗಾಗಿ ಅವರನ್ನು ಆ ನೆಲದಿಂದ ಚಿಕ್ಕಂದಿನಲ್ಲೇ ಎಬ್ಬಿಸಿ ಕಳಿಸಿದರಂತೆ. ಮತ್ತೆ ಕಾಲಿಟ್ಟದ್ದು ಮೊಮ್ಮಕ್ಕಳಾದ ಮೇಲೆ.

"ಅಷ್ಟು ವರ್ಷ ನೋಡದೆ ಹೇಗೆ ಬರೆದಿರಿ?" ಅಂದೆ.

"ನಮ್ಮಮ್ಮ ಆ ನೆಲದ ಕತೆ ದಿನಾ ಹೇಳುತ್ತಿದ್ದಳು, ಹಾಡುತ್ತಿದ್ದಳು. ನೆಲಕ್ಕೆ ಒಂಟಿ ಅನ್ನಿಸಬಾರದು," ಅಂದರು ಮೇವಿಸ್.

ಸವಿತಾ ಥಟ್ಟನೆ ನನ್ನ ಮುಖ ನೋಡಿದಳು. ನಾನು ನೋಡಲಿಲ್ಲ.

ಬೆಟ್ಟದ ಬುಡ

ಮರುದಿನ ಮೇವಿಸ್ ಅವರಿಗೆ ಬೆಟ್ಟ ತೋರಿಸಲು ನೋರಾ ಹೊರಟಳು. ಅವಳ ಕಾರು ಕೈಕೊಟ್ಟಿತು, ಸವಿತಾಳ ಕಾರಿನಲ್ಲಿ ಎಲ್ಲರೂ ತುಂಬಿಕೊಂಡೆವು. ಬೆನ್ ಬುಲ್ಬೆನ್ ಬುಡದಲ್ಲಿ ಇಳಿದೆವು. ಮೇವಿಸ್ ಮಾತ್ರ ಇಳಿಯಲಿಲ್ಲ.

"ಮೊಣಕಾಲು ನೋವಾ?" ಅಂದಳು ನೋರಾ.

"ಇದು ನನ್ನ ನೆಲ ಅಲ್ಲ. ಗೊತ್ತಿಲ್ಲದವರ ಮನೆಗೆ ಹಾಗೇ ನುಗ್ಗುತ್ತಾರಾ? ನೀನು ಇಲ್ಲೇ ಹುಟ್ಟಿದವಳು ತಾನೇ, ನನ್ನ ಪರಿಚಯ ಹೇಳು."

"ಯಾರಿಗೆ?"

"ಬೆಟ್ಟಕ್ಕೆ. ನಿನ್ನ ಹಿಂದಿನವರಿಗೆ."

ನೋರಾಳ ಮುಖ ಕೆಂಪಾಯಿತು. ಆಚೀಚೆ ನೋಡಿದಳು. ಒಂದಷ್ಟು ಕುರಿ ಬಿಟ್ಟರೆ ಯಾರೂ ಇರಲಿಲ್ಲ. ಗಂಟಲು ಸರಿಮಾಡಿಕೊಂಡು ಬೆಟ್ಟದ ಕಡೆ ತಿರುಗಿ ಕೈ ಕಟ್ಟಿ ನಿಂತಳು. "ಇವರು ಮೇವಿಸ್. ಭಾಳ ದೂರದಿಂದ ಬಂದಿದ್ದಾರೆ. ನಮ್ಮ ಜೊತೆಗಿದ್ದಾರೆ. ಗ್ರ್ಯಾಂಡ್ ಹೆಂಗಸು," ಅಂದಳು. ಆಮೇಲೆ ನಮ್ಮನ್ನು ನೋಡಿ, ಸಂಕೋಚ ಬಿಟ್ಟು, "ಇವಳು ಡಾಕ್ಟರ್ ಸವಿತಾ, ನಮ್ಮ ಆಸ್ಪತ್ರೆಯವಳು. ಇವರು ಅವಳ ಅಕ್ಕ, ಸ್ವಲ್ಪ ಜೋರು," ಅಂದಳು. ಕುರಿಗಳು ಮೇಯುತ್ತಲೇ ಇದ್ದವು. ಮೇವಿಸ್ ಈಗ ಇಳಿದು ಬಗ್ಗಿ ಹುಲ್ಲು ಸವರಿ ನಕ್ಕರು.

ಸವಿತಾ ಮೂಗು ಒರೆಸಿಕೊಳ್ಳುತ್ತಿದ್ದಳು. "ಇಷ್ಟು ವರ್ಷ ಆತು ಅಕ್ಕಾ ಈ ಊರಿಗೆ ಬಂದು. ಈ ಗುಡ್ಡಕ್ಕ ನನ್ನ ಪರಿಚಯ ಈಗ ಆತು ನೋಡು."

ಇಳಿಜಾರಿನಲ್ಲಿ ನನ್ನ ತೋಳು ಹಿಡಿದು ನಡೆಯುತ್ತಿದ್ದ ಮೇವಿಸ್ ಕೇಳಿದರು, "ನಾನು ನಿನ್ನೂರಿಗೆ ಬಂದರೆ ಯಾರು ಪರಿಚಯ ಹೇಳುತ್ತಾರೆ?"

"ನಮ್ಮವ್ವ," ಅಂದುಬಿಟ್ಟೆ. ಊರಿನ ಹೆಸರೇ ಎತ್ತದ ಅವ್ವ ಏನು ಪರಿಚಯ ಹೇಳಿಯಾಳು ಅನ್ನುವುದು ಆಮೇಲೆ ಹೊಳೆಯಿತು.

ಶನಿವಾರ

ಗ್ಯಾಲರಿಯಲ್ಲಿ ಶನಿವಾರ ಮಧ್ಯಾಹ್ನ ಊರವರಿಗೆಲ್ಲ ಕರೆ ಇತ್ತು. ನೆಲದ ಮೇಲೆ ದೊಡ್ಡ ಬಟ್ಟೆ ಹಾಸಿ, ಸುತ್ತಲೂ ಜನ ಕೂತು, ಮೇವಿಸ್ ಜೊತೆ ಬಣ್ಣ ಹಚ್ಚುವುದು. ಸ್ಲೈಗೋದ ಜನ ನೆಲದ ಮೇಲೆ ಕೂರಲು ಪಟ್ಟ ಪಾಡು ನೋಡುವಂತಿತ್ತು. ನಾನು ಸೀರೆ ಸಿಕ್ಕಿಸಿ ಚಕ್ಕಂಬಕ್ಕಳ ಹಾಕಿದ್ದಕ್ಕೆ ಒಬ್ಬ ಅಜ್ಜ ಚಪ್ಪಾಳೆ ತಟ್ಟಿದ.

ಮೇವಿಸ್ ಒಂದು ಭಾಗದಲ್ಲಿ ಸಾಲಾಗಿ ಚುಕ್ಕಿ ಇಟ್ಟು, ಹೀಗೆ ತುಂಬುತ್ತ ಬನ್ನಿ ಅಂತ ಹೇಳಿ ಚಹಾಕ್ಕೆ ಹೋದರು. ನನ್ನ ಮುಂದೆ ಅಚ್ಚುಕಟ್ಟಾದ ಚುಕ್ಕಿಗಳು. ಕೈಯಲ್ಲಿ ಬಿಳಿ ಬಣ್ಣದಲ್ಲಿ ಅದ್ದಿದ ಕಡ್ಡಿ. ಮುಂಜಾನೆ ಎದ್ದು ಅಂಗಳದಲ್ಲಿ ರಂಗೋಲಿ ಹಾಕುವ ಕೈ ಇದು, ತಲೆಯನ್ನು ಕೇಳುವುದಿಲ್ಲ. ಮೇವಿಸ್ ಚಹಾ ಮುಗಿಸಿ ಬರುವಷ್ಟರಲ್ಲಿ ನಾನು ಅವರ ಚುಕ್ಕಿಗಳನ್ನೆಲ್ಲ ಕೂಡಿಸಿ ಎಂಟು ಎಸಳಿನ ಕಮಲ ಬಿಡಿಸಿದ್ದೆ.

"ಓ ನೋ, ದೊಡ್ಡಮ್ಮ!" ಅಂದಳು ಇರಾ.

ಎಲ್ಲರ ಕಡ್ಡಿಗಳೂ ನಿಂತವು. ನೋರಾ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮೇವಿಸ್ ಕಮಲವನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಮಲವನ್ನು ನೋಡಿ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ನೀವು ಚುಕ್ಕಿ ಕೂಡಿಸುತ್ತೀರಾ! ನಾವು ಚುಕ್ಕಿ ಇಡುವುದು ಮುಚ್ಚಲಿಕ್ಕೆ. ಕೆಳಗೆ ನಮ್ಮದು ಅಂತ ಇರುತ್ತದೆ, ಎಲ್ಲರೂ ನೋಡುವುದಲ್ಲ ಅದು."

ನನಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು. ಅವರು ಪಕ್ಕದಲ್ಲೇ ಕೂತು ಕೇಳಿದರು, ಇದನ್ನು ಯಾವ ಬಾಗಿಲ ಮುಂದೆ ಹಾಕುತ್ತೀ? ಧಾರವಾಡದ ಮನೆ ಅಂದೆ. ಅದಕ್ಕೂ ಮೊದಲು? ಬನ್ನಿಹೊಳಿ, ಆ ಊರು ಈಗ ಇಲ್ಲ, ನೀರಿನ ಕೆಳಗಿದೆ ಅಂದೆ.

"ನೀರು ಮೇಲೆ ಕೂತಿದೆ. ಊರು ಎಲ್ಲಿಗೆ ಹೋಯಿತು?" ಅಂದರು ಮೇವಿಸ್. ನನ್ನ ಮುಂದಿನ ಖಾಲಿ ಮೂಲೆಯನ್ನು ಅಂಗೈಯಿಂದ ಸವರಿದರು. "ಇಲ್ಲಿ ಬರಿ."

ಇಷ್ಟು ವರ್ಷ ಮಕ್ಕಳ ಕೈಯಲ್ಲಿ ಎಷ್ಟೋ ಊರು ಬರೆಸಿದ್ದೇನೆ, ತೆಂಗಿನಮರ, ಗುಡಿಸಲು, ಸೂರ್ಯ. ನಮ್ಮೂರನ್ನು ಒಂದು ಸಲವೂ ಬರೆದಿರಲಿಲ್ಲ. ಅಭ್ಯಾಸದಂತೆ ಮೊದಲು ಅಡ್ಡ ಗೆರೆ ಎಳೆದೆ. ಮೇವಿಸ್ ತಲೆ ಅಲ್ಲಾಡಿಸಿದರು. "ದೂರ ನಿಂತು ನೋಡುತ್ತಿದ್ದೀ. ಒಳಗೆ ಬಾ, ನಡೆ." ಸರಿ, ಆ ಗೆರೆಯನ್ನೇ ಹೊಳೆ ಮಾಡಿದೆ. ಹೊಳೆಗೆ ಇಳಿಯುವ ಕಲ್ಲು ಇಟ್ಟೆ. ಅಲ್ಲಿಂದ ನಡೆದೆ. ಬಾವಿ, ಬಸವಣ್ಣನ ಗುಡಿ, ಬನ್ನಿಗಿಡ, ಕಟ್ಟೆ, ಗೌಡರ ಮನೆಯ ಗೋಡೆ, ಓಣಿ. ಬಟ್ಟೆಯ ಸುತ್ತ ಮಂಡಿಯ ಮೇಲೆ ಸರಿದು ಸರಿದು ಬರೆದೆ. ಮನೆ ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಇಡಲಿಲ್ಲ. ಸವಿತಾ ನನ್ನ ಹಿಂದೆಯೇ ಸರಿಯುತ್ತ ನೋಡುತ್ತಿದ್ದಳು.

ಅಷ್ಟರಲ್ಲಿ ಇರಾ ಅಮ್ಮನ ಫೋನು ತೆಗೆದು ಫೋಟೋ ಹೊಡೆದು ಯಾರನ್ನೂ ಕೇಳದೆ ಧಾರವಾಡಕ್ಕೆ ಕಳಿಸಿಬಿಟ್ಟಿದ್ದಳು. "ಐ ಸೆಂಟ್ ಇಟ್ ಟು ಅಜ್ಜಿ. ಐ ಸೆಡ್ ಇಟ್ಸ್ ಬನ್ನಿಹೊಳಿ."

ನಾವು ಅಷ್ಟು ವರ್ಷ ಸುತ್ತಿ ಬಳಸಿ ಹೋದ ಹೆಸರನ್ನು ಈ ಹುಡುಗಿ ಫೋಟೋದ ಜೊತೆ ಕಳಿಸಿಬಿಟ್ಟಿದ್ದಳು. ಫೋನು ಬಡಿದುಕೊಂಡಿತು. ವಿಡಿಯೋ ಕಾಲ್. ಪರದೆಯ ತುಂಬ ಅವ್ವನ ಮೂಗು ಮತ್ತು ಕನ್ನಡಕ.

"ಗಿರಿಜಾ!"

"ಹಾಂ ಅವ್ವಾ."

"ಬಸವಣ್ಣನ ಗುಡಿ ಬಾಂವಿ ಬಲಕ್ಕ ಯಾರು ಇಟ್ಟರ?"

ನಾನು ಬಟ್ಟೆಯ ಮೇಲೆ ಬಗ್ಗಿ ಗುಡಿ ಹುಡುಕಿದೆ.

"ಸಾಲಿ ಮಕ್ಕಳಿಗೆ ಚಿತ್ರ ಕಲಸ್ತಿ, ಎಡಾ ಬಲಾ ತಿಳಿಯಂಗಿಲ್ಲ ನಿನಗ? ಬಾಂವಿ ಎಡಕ್ಕ ಗುಡಿ. ನೀರು ತುಂಬ್ಕೊಂಡು ತಿರುಗಿದ್ರ ಬಸವಣ್ಣನ ಮುಖ ಕಾಣತಿತ್ತು. ಮತ್ತ ಆ ಬನ್ನಿಗಿಡ! ಅದನ್ನ ಯಾಕ ಊರಾಗ ತಂದಿ? ಅದು ಊರ ಹೊರಗ, ಹೊಳಿ ದಂಡಿಗೆ. ಅಳಸು. ಎಲ್ಲಾ ಅಳಸು."

ಬಣ್ಣ ಇನ್ನೂ ಹಸಿಯಾಗಿತ್ತು, ಒದ್ದೆ ಅರಿವೆಯಿಂದ ಅಳಿಸಿದೆ. ಅವ್ವ ಹೇಳುತ್ತ ಹೋದಳು, ಬೈಯುತ್ತ ಹೋದಳು, ನಾನು ಬರೆಯುತ್ತ ಹೋದೆ. ಗೌಡರ ಗೋಡೆ ಉದ್ದಾತು. ಕಟ್ಟೆ ಸಣ್ಣದಾತು. ಓಣಿ ಹಂಗ ನೆಟ್ಟಗಿಲ್ಲ, ಬಾಗಿ ಹೋಗತೈತಿ. ಇರಾ ಫೋನು ಹಿಡಿದುಕೊಂಡು ಬಟ್ಟೆಯ ಸುತ್ತ ಓಡಾಡುತ್ತಿದ್ದಳು. ಕನ್ನಡದ ಒಂದಕ್ಷರ ತಿಳಿಯದ ಸ್ಲೈಗೋದ ಮಂದಿ ತಮ್ಮ ಚುಕ್ಕಿ ಬಿಟ್ಟು ನಮ್ಮ ಸುತ್ತ ನೆರೆದಿದ್ದರು. ಪ್ರತಿ ತಿದ್ದುಪಡಿಗೂ ಆ ಅಜ್ಜ ಅವ್ವನ ಪರವಾಗಿ ತಲೆಯಾಡಿಸುತ್ತಿದ್ದ. ನನಗೆ ನಗುವೋ ಅಳುವೋ ಒಂದೂ ತಿಳಿಯದಷ್ಟು ಸಂತೋಷವಾಗಿತ್ತು.

"ಎಲ್ಲಾ ಆತು. ನಮ್ಮನಿ ಎಲ್ಲೈತಿ?" ಅಂದಳು ಅವ್ವ.

"ನೀನ ಹೇಳಬೇಕವ್ವಾ."

ಈಗ ಹಾಲಿನ ನೆಪ ಬರುತ್ತದೆ ಅಂತ ನಾನು ಕಾದೆ. ಅವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

"ಸವಿತಾನ ಕೈಯಾಗ ಕೊಡು. ಆಕಿ ಬರೀಲಿ. ಆಕಿ ಹುಟ್ಟಿದ ಮನಿ ಅದು."

ಸವಿತಾ ಕಡ್ಡಿ ತೆಗೆದುಕೊಂಡಳು. ದಿನಾ ಜನರ ಮೈಗೆ ಸೂಜಿ ಚುಚ್ಚುವವಳು ಅದನ್ನೂ ಸೂಜಿಯಂತೆ ಹಿಡಿದು ಬಟ್ಟೆಯ ಮೇಲೆ ಬಾಗಿದಳು.

"ಬಾಂವಿಯಿಂದ ಬಾ. ಓಣಿ ಬಾಗತೈತಲ್ಲ, ಅಲ್ಲಿ ಬೇವಿನಗಿಡ. ಅದರ ಹಿಂದ. ಬಾಗಲ ಹೊಳಿ ಕಡೆ ಮುಖಾ ಮಾಡಿತ್ತು. ಅಂಗಳದಾಗ ನಿನ್ನ ತೊಟ್ಲಾ ಕಟ್ಟಿದ್ವಿ, ಗಾಳಿ ಬರ್ತದಂತ."

ಸವಿತಾ ಒಂದು ಚೌಕ ಬರೆದಳು. ಹೊಳೆಯ ಕಡೆಗೆ ಬಾಗಿಲು ಬಿಟ್ಟಳು. ಅಂಗಳದಲ್ಲಿ ಸಣ್ಣ ತೊಟ್ಟಿಲು. ಬಿಡಿಸುತ್ತ ಬಿಡಿಸುತ್ತ ಅತ್ತುಬಿಟ್ಟಳು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ, ಇರಾ ಅವಳ ಕುತ್ತಿಗೆಗೆ ಜೋತುಬಿದ್ದಳು. ಇರಾಳ ಕೈಯಲ್ಲಿದ್ದ ಫೋನು ಮೇಲೆ ತಿರುಗಿ ಅವ್ವನಿಗೆ ಗ್ಯಾಲರಿಯ ಛಾವಣಿಯಷ್ಟೇ ಕಾಣುತ್ತಿತ್ತು.

"ನಾ ಏನು ಛಾವಣಿ ನೋಡಾಕ ಫೋನು ಹಚ್ಚೀನ?" ಅಂತ ಕೂಗಿದಳು. ಇರಾ ಫೋನು ತಿರುಗಿಸಿದಳು.

ಆಗ ಮೇವಿಸ್ ಮೆಲ್ಲಗೆ ಮಂಡಿಯೂರಿದರು. ಬೆಟ್ಟದಲ್ಲಿ ನೋರಾ ನಿಂತಂತೆ ಕೈ ಕಟ್ಟಿ ಫೋನಿನಲ್ಲಿದ್ದ ಅವ್ವನಿಗೆ ತಲೆಬಾಗಿಸಿದರು. ಆಮೇಲೆ ಕಡ್ಡಿ ಬಣ್ಣದಲ್ಲಿ ಅದ್ದಿ ನಮ್ಮ ಮನೆಯ ಮೇಲೆ ಒಂದು ಚುಕ್ಕಿ ಇಟ್ಟರು. ಪಕ್ಕಕ್ಕೆ ಇನ್ನೊಂದು. ತೊಟ್ಟಿಲ ಮೇಲೆ, ಅಂಗಳದ ಮೇಲೆ, ಬಾಗಿಲ ಮೇಲೆ. ಬಾವಿ, ಗುಡಿ, ಬನ್ನಿಗಿಡ ಎಲ್ಲರಿಗೂ ಕಾಣುವಂತೆ ಹಾಗೇ ಬಿಟ್ಟರು. ಮನೆ ಮಾತ್ರ ಮುಚ್ಚಿಹೋಯಿತು. ಮನೆಯಿದ್ದಲ್ಲಿ ಈಗ ಹೊಳೆಯ ಬಣ್ಣದ ಚುಕ್ಕಿಗಳು.

"ಏನು ಮಾಡಾಕತ್ತಾಳ ಆ ಹಿರಿಯಾಕಿ?" ಅಂದಳು ಅವ್ವ.

ನಾನು ಹೆದರುತ್ತಲೇ ಹೇಳಿದೆ. ಅದು ನಮ್ಮ ಮಂದಿಗಷ್ಟೇ ಗೊತ್ತಿರಬೇಕಾದ್ದು ಅಂತ ಮುಚ್ಚುತ್ತಿದ್ದಾರೆ, ಅಳಿಸುತ್ತಿಲ್ಲ, ಕೆಳಗೆ ಹಾಗೇ ಇದೆ ಅಂದೆ. ಅವ್ವ ಬಹಳ ಹೊತ್ತು ನೋಡಿದಳು. ಧಾರವಾಡದ ನಮ್ಮ ಅಡುಗೆಮನೆಯಿಂದ ಸುಂಯ್ ಅನ್ನುವ ಸದ್ದು ಫೋನಿನಲ್ಲಿ ಕೇಳಿಸಿತು. ಆ ದಿನ ನಿಜಕ್ಕೂ ಒಲೆ ಮೇಲೆ ಹಾಲಿತ್ತು.

"ಅವ್ವಾ, ಹಾಲು!" ಅಂತ ಸವಿತಾ, ನಾನು ಒಟ್ಟಿಗೇ ಕೂಗಿದೆವು.

ಅವ್ವ ಅಲುಗಾಡಲಿಲ್ಲ.

"ಉಕ್ಕಲಿ ಬಿಡ್ರಿ," ಅಂದಳು. "ಮನಿಗೆ ಬಂದ ದಿನ ಹಾಲು ಉಕ್ಕಬೇಕು."